ಅರ್ಧ ಹಸಿರಾದ ಲಾನು

1998ರ ಮೇ ತಿಂಗಳಲ್ಲಿ ನನಗೆ ಹುಮನಾಬಾದಿಗೆ ವರ್ಗವಾಯಿತು. ತೋಟಗಾರಿಕೆ ಸಹಾಯಕನ ಹುದ್ದೆ. ಮಾವು, ಪೇರಲ, ಶುಂಠಿ ಬೆಳೆಯುವವರ ಹೊಲಗಳಿಗೆ ಹೋಗುವುದು, ರೋಗ ಕಂಡರೆ ಔಷಧ ಬರೆದುಕೊಡುವುದು, ಮಳೆಗಾಲದಲ್ಲಿ ಸಸಿ ಹಂಚುವುದು ನನ್ನ ಕೆಲಸ. ಆಗ ನನಗೆ ಮೂವತ್ತೆಂಟು ವರ್ಷ. ಓದಿದ್ದು ತಲೆಯಲ್ಲಿ ಚೆನ್ನಾಗಿ ಉಳಿದಿತ್ತು, ಓದಿದವನೆಂಬ ಸೊಕ್ಕೂ ಅಷ್ಟೇ ಚೆನ್ನಾಗಿ ಉಳಿದಿತ್ತು. ನಿವೃತ್ತನಾದ ಮೇಲೆ ಗೆಳೆಯರು, ಸೇವೆಯಲ್ಲಿ ಮಾಡಿದ ಒಳ್ಳೆಯ ಕೆಲಸಗಳ ಬಗ್ಗೆ ಬರೆಯಿರಿ ಎನ್ನುತ್ತಾರೆ. ಅಂಥವು ಕೆಲವು ಇವೆ. ಆದರೆ ಬರೆಯಲು ಕುಳಿತಾಗ ಅವು ಯಾವುವೂ ಮುಂದೆ ಬರುವುದಿಲ್ಲ. ಬಸವಕಲ್ಯಾಣದ ಒಂದು ಮನೆಯ ಮುಂದಿನ ಹುಲ್ಲು ಬರುತ್ತದೆ.

ಆ ಮನೆ ಶಾಂತಪ್ಪ ಸಾಹುಕಾರರದು. ತೊಗರಿಬೇಳೆಯ ವ್ಯಾಪಾರ, ಊರಿಗೆ ಹತ್ತಿದಂತೆ ಎರೆಹೊಲ, ಹೈವೇ ಕಡೆಗೆ ಹೊಸದಾಗಿ ಕಟ್ಟಿಸಿದ ಬಂಗಲೆ. ಹೈದರಾಬಾದಿನ ಯಾವುದೋ ಹೋಟೆಲಿನ ಮುಂದೆ ಲಾನು ನೋಡಿ ಬಂದಿದ್ದರು. ತಮ್ಮ ಮನೆಯ ಮುಂದೆಯೂ ಅಂಥದ್ದೇ ಆಗಬೇಕೆಂದು ಹಟ. ಮನೆಯ ಲಾನು ನೋಡುವುದು ನನ್ನ ನೌಕರಿಗೆ ಸೇರಿದ್ದಲ್ಲ. ಆದರೆ ನನ್ನ ಮೇಲಧಿಕಾರಿಗೆ ಅವರು ಹಳೆಯ ಸ್ನೇಹಿತರು. ಸ್ವಲ್ಪ ಹೋಗಿ ಬಾ ಎಂದು ಮೇಲಧಿಕಾರಿಯೇ ಹೇಳಿದ ಮೇಲೆ ಹೋಗದೆ ಇರಲಾದೀತೇ? ಜೂನ್ ತಿಂಗಳ ಒಂದು ಶನಿವಾರ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋದೆ.

ಜಾಗ ಅರವತ್ತು ಅಡಿ ಉದ್ದ, ನಲವತ್ತು ಅಡಿ ಅಗಲ. ತಳದಲ್ಲಿ ಕೆಂಪು ಮೊರಂ, ಅಂದರೆ ಗರಸು ಮಣ್ಣು. ಅದರ ಮೇಲೆ ಸಾಹುಕಾರರು ತಮ್ಮ ಹೊಲದಿಂದ ಎಂಟು ಟ್ರಾಲಿ ಕರಿಮಣ್ಣು ತರಿಸಿ ಹಾಕಿಸಿದ್ದರು. ಕರಿಮಣ್ಣು ಜೋಳಕ್ಕೆ, ಕಡಲೆಗೆ ಹೇಳಿ ಮಾಡಿಸಿದ್ದು. ಲಾನಿಗೆ ಅದನ್ನೊಂದನ್ನೇ ಹಾಕಿದರೆ ಕಷ್ಟ. ನೀರು ಬಿದ್ದರೆ ಅಂಟಾಗುತ್ತದೆ, ಒಣಗಿದರೆ ಬಿರಿಯುತ್ತದೆ, ತುಳಿದರೆ ಕಲ್ಲಾಗುತ್ತದೆ. ಮೂರು ಪಾಲು ಮಣ್ಣಿಗೆ ಒಂದು ಪಾಲು ಮರಳು ಬೆರೆಸಿರಿ ಎಂದೆ. ಸಾಹುಕಾರರಿಗೆ ಅದು ತಮ್ಮ ಹೊಲಕ್ಕೆ ಮಾಡಿದ ಅಪಮಾನದಂತೆ ಕೇಳಿಸಿರಬೇಕು.

“ಬಂಗಾರದಂಥ ಮಣ್ಣಾಗ ಉಸುಕು ಕಲಸ್ರಿ ಅಂತೀರಲ್ರಿ ಸಾಹೇಬ್ರ!” ಎಂದು ನಕ್ಕರು. ನಾನೂ ನಕ್ಕು ಸುಮ್ಮನಾದೆ. ನನ್ನ ಮೊದಲ ತಪ್ಪು ಅದು.

ಎರಡನೆಯದು ಕಾಗದದ ಮೇಲೆ ಆಯಿತು. ಗರಿಕೆ ಜಾತಿಯ ಹುಲ್ಲಿನ ತುಂಡುಗಳನ್ನು ನೆಡಿಸಿ, ಹೊರಡುವ ಮುಂಚೆ ಒಂದು ಚೀಟಿ ಬರೆದುಕೊಟ್ಟೆ: ದಿನಾಲು ನೀರು ಕೊಡುವುದು, ವಾರಕ್ಕೊಮ್ಮೆ ರೋಲರ್ ಎಳೆಸುವುದು. ಹೊಸದಾಗಿ ನೆಟ್ಟ ಹುಲ್ಲಿನ ಮೇಲೆ ಹಗುರಾದ ರೋಲರ್ ಎಳೆದರೆ ಬೇರು ಮಣ್ಣಿಗೆ ಕೂರುತ್ತದೆ. ಬೇರು ಹಿಡಿದ ಮೇಲೆ ನಿಲ್ಲಿಸಬೇಕು. ಹಗುರಾದದ್ದು ಎಂದು ನಾನು ಬರೆಯಲಿಲ್ಲ. ಯಾವಾಗ ನಿಲ್ಲಿಸಬೇಕೆಂದೂ ಬರೆಯಲಿಲ್ಲ. ಬಸ್ಸಿನ ಹೊತ್ತಾಗಿತ್ತು, ಗಡಿಬಿಡಿಯಲ್ಲಿ ಸಹಿ ಹಾಕಿ ಕೊಟ್ಟುಬಿಟ್ಟೆ.

ಸಾಹುಕಾರರ ಮನೆಯಲ್ಲಿ ಲಾನಿನ ರೋಲರ್ ಎಲ್ಲಿಂದ ಬರಬೇಕು? ಹೊಲದ ಕಣದಿಂದ ಕಲ್ಲಿನ ಗುಂಡು ತರಿಸಿದರು. ಕಣವೆಂದರೆ ರಾಶಿ ಮಾಡುವ ಜಾಗ. ಸುಗ್ಗಿಗೆ ಮುಂಚೆ ನೆಲಕ್ಕೆ ನೀರು ಹೊಡೆದು, ಆ ಗುಂಡನ್ನು ಉರುಳಿಸಿ ಉರುಳಿಸಿ, ಸಗಣಿ ಸಾರಿಸಿ, ಒಂದು ಕಾಳೂ ಮಣ್ಣು ಸೇರದಂತೆ ಗಟ್ಟಿ ಮಾಡುತ್ತಾರೆ. ನೆಲ ಗಟ್ಟಿಯಾದಷ್ಟೂ ಮಾಡಿದವನಿಗೆ ಮರ್ಯಾದೆ. ಅಂಥ ಮನೆತನದಲ್ಲಿ ಹುಟ್ಟಿದ ಸಾಹುಕಾರರಿಗೆ ಮನೆಯ ಮುಂದಿನ ನೆಲವೂ ಕಣದ ಹಾಗೆ ಸಪಾಟಾದರೇ ಚೆಂದ. ಪ್ರತಿ ಸೋಮವಾರ ಇಬ್ಬರು ಆಳುಗಳು ಆ ಗುಂಡನ್ನು ಲಾನಿನ ಮೇಲೆ ಆಚೆಯಿಂದ ಈಚೆಗೆ ಎಳೆದರು. ಒಂದು ವಾರವೂ ತಪ್ಪಿಸದೆ ಒಂದು ವರ್ಷದ ಮೇಲೆ ಎಳೆದರು. ನಾನು ಬರೆದುಕೊಟ್ಟ ಮಾತನ್ನು ಇಷ್ಟು ಶ್ರದ್ಧೆಯಿಂದ ನಡೆಸಿದ ರೈತ ನನ್ನ ಸೇವೆಯಲ್ಲಿ ಇನ್ನೊಬ್ಬ ಸಿಗಲಿಲ್ಲ.

ಲಾನು ನೋಡಿಕೊಳ್ಳಲು ಇಟ್ಟುಕೊಂಡ ಮಾಲಿಯ ಹೆಸರು ತುಕಾರಾಮ. ಐವತ್ತರ ಹತ್ತಿರದ ವಯಸ್ಸು, ಒಣಕಲು ಮೈ, ಮಾತು ಕಡಿಮೆ. ಮಹಾರಾಷ್ಟ್ರದ ಗಡಿಗೆ ಹತ್ತಿದ ಒಂದು ಹಳ್ಳಿಯವನು, ಕೂಲಿ ಮಾಡಿ ಬೆಳೆದ ಬೌದ್ಧರ ಮನೆತನ. ಆ ಹಳ್ಳಿಗೆ ದಿನಕ್ಕೆ ಒಂದೇ ಬಸ್ಸು, ಶಾಲೆ ಏಳನೆಯ ತರಗತಿಗೇ ಮುಗಿಯುತ್ತಿತ್ತು. ಅವನು ಮಾಲಿಯ ಕೆಲಸ ಹಿಡಿದದ್ದೇ ಬಂಗಲೆಯ ಹಿಂದಿನ ಖೋಲಿಗಾಗಿ. ಹೆಂಡತಿ ಮತ್ತು ಮಗಳೊಡನೆ ಅಲ್ಲಿ ಇದ್ದರೆ ಮಗಳು ಸುಜಾತಾ ಹೈಸ್ಕೂಲಿಗೆ ನಡೆದು ಹೋಗಬಹುದಿತ್ತು. 1999ರಲ್ಲಿ ಅವಳು ಹತ್ತನೆಯ ತರಗತಿಗೆ ಬಂದಿದ್ದಳು. ಅವರ ಮನೆತನದಲ್ಲಿ ಅಲ್ಲಿಯವರೆಗೆ ಓದಿದವರು ಯಾರೂ ಇರಲಿಲ್ಲ. ತನ್ನ ಮನೆಯ ವಿಷಯವಾಗಿ ತುಕಾರಾಮ ತಾನಾಗಿಯೇ ಆಡಿದ್ದು ಒಂದೇ ಮಾತು, ಅದೂ ಒಮ್ಮೆ ನಾನು ಹೋದಾಗ.

“ಮಾರ್ಚನ್ಯಾಗ ಪರೀಕ್ಷಾ ಅದರಿ. ಅದೊಂದು ಮುಗೀತಂದ್ರ ನನ್ನ ಕೆಲಸ ಆದಂಗರಿ” ಎಂದಿದ್ದ.

ಆ ವರ್ಷದ ಜುಲೈ ಹೊತ್ತಿಗೆ ಹುಲ್ಲು ಹಳದಿಯಾಗತೊಡಗಿತು. ಸಾಹುಕಾರರು ಫೋನ್ ಮಾಡಿದರು. ನಾನು ಹೋಗಿ ನೋಡದೆ ಕಚೇರಿಯಲ್ಲೇ ಕೂತು, ಕಬ್ಬಿಣದ ಅಂಶ ಕಡಿಮೆಯಾಗಿರಬೇಕು, ಫೆರಸ್ ಸಲ್ಫೇಟ್ ಸಿಂಪಡಿಸಿರಿ ಎಂದೆ. ಸಿಂಪಡಿಸಿದರು. ಏನೂ ಆಗಲಿಲ್ಲ. ಆಗಸ್ಟಿನಲ್ಲಿ ಹೋದಾಗ ತುಕಾರಾಮ ನನ್ನನ್ನು ಒಂದು ಬದಿಗೆ ಕರೆದು ಹುಲ್ಲಿನ ನಡುವೆ ನಾಲ್ಕು ಜಾಗ ತೋರಿಸಿದ. ಶ್ರಾವಣದ ಪೂಜೆಗೆ ಪೆಂಡಾಲು ಹಾಕಿದಾಗ ಹಗ್ಗ ಕಟ್ಟಲು ಕಬ್ಬಿಣದ ಗೂಟ ಹೊಡೆದಿದ್ದರಂತೆ. ಗೂಟ ಕಿತ್ತ ಮೇಲೆ ಉಳಿದ ತೂತಿನ ಸುತ್ತ ಒಂದೊಂದು ತಟ್ಟೆಯಷ್ಟು ಜಾಗದಲ್ಲಿ ಮಾತ್ರ ಹುಲ್ಲು ಕಡು ಹಸಿರಾಗಿತ್ತು.

“ನೀರು ಕೆಳಗ ಇಳಿವಲ್ದರಿ ಸಾಹೇಬ್ರ, ಮ್ಯಾಲೇ ನಿಂದ್ರಾಕತ್ತದ. ಬೇರಿಗೂ ಉಸುರು ಬೇಕಲ್ರಿ. ಗುಂಡು ಎಳಿಯೂದು ಬಿಟ್ಟು ತೂತು ಹೊಡದ್ರ ಹ್ಯಾಂಗರಿ?” ಎಂದ.

ಪಠ್ಯದಲ್ಲಿ ಇದಕ್ಕೆ ಏರೇಷನ್ ಎನ್ನುತ್ತಾರೆ. ಗಟ್ಟಿಯಾದ ನೆಲದಲ್ಲಿ ಮೂರು ನಾಲ್ಕು ಇಂಚು ಆಳದ ರಂಧ್ರಗಳನ್ನು ಹತ್ತಿರ ಹತ್ತಿರ ಮಾಡಿ, ಅವುಗಳಲ್ಲಿ ಮರಳು ಮತ್ತು ಕಾಂಪೋಸ್ಟ್ ತುಂಬುವುದು. ಗಾಳಿ, ನೀರು, ಗೊಬ್ಬರ ಬೇರಿಗೆ ತಲುಪುತ್ತವೆ. ನಾನು ಅದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ತುಕಾರಾಮ ಅದನ್ನು ನಾಲ್ಕು ಗೂಟದ ತೂತು ನೋಡಿ ಕಂಡುಕೊಂಡಿದ್ದ. ಅವನು ಹೇಳಿದ್ದು ಸರಿಯೆಂದು ನನಗೆ ಆ ಕ್ಷಣವೇ ತಿಳಿಯಿತು. ಅದರ ಜೊತೆಗೇ ನನ್ನ ಚೀಟಿಯೂ ನೆನಪಾಯಿತು. ನೋಡೋಣ ಎಂದು ಹೇಳಿ ಬಂದುಬಿಟ್ಟೆ. ನನ್ನ ನೌಕರಿಯಲ್ಲಿ ನಾನು ಅತಿ ಹೆಚ್ಚು ಸಲ ಬಳಸಿದ ಶಬ್ದ ಅದೇ ಇರಬೇಕು.

ನಾನು ನೋಡುತ್ತ ಕೂತೆ, ಅವನು ಮಾಡಿದ. ಸೆಪ್ಟೆಂಬರಿನಲ್ಲಿ ಸಾಹುಕಾರರು ವ್ಯಾಪಾರಕ್ಕೆಂದು ಮೂರು ದಿನ ಸೋಲಾಪುರಕ್ಕೆ ಹೋದರು. ದೀಪಾವಳಿ ಮುಗಿದ ಮೇಲೆ ಅವರ ಮಗಳ ನಿಶ್ಚಿತಾರ್ಥ ಅದೇ ಲಾನಿನ ಮೇಲೆ ನಡೆಯುವುದಿತ್ತು. ಲಾತೂರಿನಿಂದ ಬೀಗರು ಬರುವವರಿದ್ದರು. ಅಷ್ಟರೊಳಗೆ ಹುಲ್ಲು ಸುಧಾರಿಸದಿದ್ದರೆ ಬೈಗುಳ ತನ್ನ ತಲೆಗೇ ಎಂದು ತುಕಾರಾಮನಿಗೆ ಗೊತ್ತಿತ್ತು. ಒಂದು ಮೊನಚಾದ ಸಲಾಕೆ ಹಿಡಿದು, ಗೇಣಿಗಿಂತ ಕಡಿಮೆ ಅಂತರದಲ್ಲಿ, ನಾಲ್ಕು ಬೆರಳು ಆಳಕ್ಕೆ ತೂತು ಹೊಡೆಯುತ್ತ ಹೋದ. ಅರ್ಧ ಲಾನು ಮುಗಿಯುವಷ್ಟರಲ್ಲಿ ಸಾಹುಕಾರರು ತಿರುಗಿ ಬಂದರು.

ನನಗೆ ಫೋನ್ ಬಂತು. ಮರುದಿನ ಹನ್ನೊಂದು ಗಂಟೆಗೆ ನಾನು ಅಲ್ಲಿದ್ದೆ. ಸಾಹುಕಾರರು ಕಟ್ಟೆಯ ಮೇಲೆ ನಿಂತಿದ್ದರು. ತುಕಾರಾಮ ಕೆಳಗೆ ಹುಲ್ಲಿನ ಅಂಚಿಗೆ, ಸಲಾಕೆಯನ್ನು ಗೋಡೆಗೆ ಆನಿಸಿ, ಕೈಕಟ್ಟಿ ನಿಂತಿದ್ದ. ಅವನ ಹೆಂಡತಿ ಖೋಲಿಯ ಬಾಗಿಲಲ್ಲಿದ್ದಳು.

“ನೋಡ್ರಿ ಸಾಹೇಬ್ರ, ಹೆಗ್ಗಣ ಹೊಕ್ಕಂಗ ಮಾಡಿಟ್ಟಾನ! ಬೀಗರ ಮುಂದ ನಮ್ಮ ಇಜ್ಜತ್ ಏನು ಉಳೀತದ? ಇಲ್ಲಿ ನೋಡ್ರಿ, ನೀವೇ ಬರದ ಚೀಟಿ. ವಾರಕ್ಕೊಮ್ಮೆ ರೋಲರ್ ಅಂತ ಅದ. ಇಂವ ಅದನ್ನ ಬಿಟ್ಟು ತೂತು ಹೊಡದಾನ. ನನಗ ಹುಲ್ಲು ಕಲಸ್ತಾನಂತ, ತುಕ್ಯಾ!”

ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೋಪಾನವಾಗಿ ಇಟ್ಟಿದ್ದರು. ಕೆಳಗೆ ನನ್ನ ಸಹಿ ಚೆನ್ನಾಗಿ ಕಾಣುತ್ತಿತ್ತು.

ತುಕಾರಾಮ ನನ್ನ ಕಡೆ ನೋಡಿದ. “ಸಾಹೇಬ್ರು ಓದಿದೋರು ಅದಾರ್ರಿ. ನಾ ಮಾಡಿದ್ದು ಖರೇನೋ ಸುಳ್ಳೋ, ಅವ್ರನ್ನೇ ಕೇಳ್ರಿ” ಎಂದ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ನಾನು ಬಂದದ್ದರಿಂದ ಅವನಿಗೆ ಧೈರ್ಯ ಬಂದಿತ್ತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಸಾಹುಕಾರರು ನನ್ನತ್ತ ತಿರುಗಿ, “ಹೇಳ್ರಿ ಮತ್ತ” ಎಂದರು.

ಸರಿ ಎಂದು ಹೇಳಿದ್ದರೆ ಚೀಟಿ ತಪ್ಪಾಗುತ್ತಿತ್ತು. ಚೀಟಿ ತಪ್ಪೆಂದರೆ ಒಂದು ವರ್ಷದಿಂದ ಅವರ ಹುಲ್ಲನ್ನು ಕೊಂದವನು ನಾನೇ ಎಂದಾಗುತ್ತಿತ್ತು. ಆ ಸುದ್ದಿ ಸಂಜೆಯೊಳಗೆ ನನ್ನ ಮೇಲಧಿಕಾರಿಯ ಕಿವಿಗೆ ಬೀಳುತ್ತಿತ್ತು. ತಪ್ಪು ಎಂದು ಹೇಳಲು ಬಾಯಿ ಬರಲಿಲ್ಲ, ಅಷ್ಟು ನಾಚಿಕೆ ಉಳಿದಿತ್ತು. ಆಗ ನಾನೊಂದು ಮೂರನೆಯ ಮಾತು ಹುಡುಕಿದೆ.

“ಕೇಳಲಾರದ ಮಾಡಬಾರದಿತ್ತು, ತುಕಾರಾಮ.”

ಮೇಲ್ನೋಟಕ್ಕೆ ಇದರಲ್ಲಿ ಸುಳ್ಳು ಯಾವುದೂ ಇಲ್ಲ, ನೋಡಿ. ಅದಕ್ಕೇ ಇದು ಸುಳ್ಳಿಗಿಂತ ಕೆಟ್ಟದ್ದು. ಅವನು ಕೇಳಿದ್ದ, ನನ್ನನ್ನೇ ಕೇಳಿದ್ದ, ಒಂದು ತಿಂಗಳ ಹಿಂದೆ. ಅದನ್ನು ಅವನು ಅಲ್ಲಿ ಎಲ್ಲರೆದುರು ಹೇಳಬಹುದಿತ್ತು. ಹೇಳಲಿಲ್ಲ. ನನ್ನನ್ನು ಒಂದು ಸಲ ದಿಟ್ಟಿಸಿ ನೋಡಿ ತಲೆ ತಗ್ಗಿಸಿದ.

“ಕೇಳ್ದೆಲ್ಲ? ಸಂಜಿಯೊಳಗ ಖೋಲಿ ಖಾಲಿ ಮಾಡು” ಎಂದರು ಸಾಹುಕಾರರು.

ಅವನ ಹೆಂಡತಿ ಮುಂದೆ ಬಂದು, “ಪೋರಿ ಪರೀಕ್ಷಾ ಮುಗಿಯೂ ತನಕರೆ ಇರಗೊಡ್ರಿ ಸಾವ್ಕಾರ್ರ” ಎಂದು ಸೆರಗೊಡ್ಡಿದಳು. ಸಾಹುಕಾರರು ಒಳಗೆ ಹೋದರು. ನನಗೆ ಚಹಾ ಬಂತು. ನಾನು ಆ ಚಹಾ ಕುಡಿದೆ. ಕುಡಿಯುತ್ತ, ಗುಂಡು ಎಳೆಯುತ್ತಿದ್ದ ಆಳುಗಳಲ್ಲಿ ಒಬ್ಬನಿಗೆ, ಹೇಗೂ ತೂತು ಬಿದ್ದಿವೆ, ಅವುಗಳಲ್ಲಿ ಉಸುಕು ಮತ್ತು ಕಾಂಪೋಸ್ಟ್ ತುಂಬಿ ನೀರು ಬಿಡು, ಇನ್ನು ಗುಂಡು ಎಳೆಯಬೇಡ ಎಂದು ಅಪ್ಪಣೆಯನ್ನೂ ಕೊಟ್ಟೆ. ತುಕಾರಾಮನ ಕೆಲಸದಲ್ಲಿ ಬಾಕಿ ಉಳಿದದ್ದು ಅಷ್ಟೇ. ಅದನ್ನು ನಾನು ಮುಗಿಸಿ ನನ್ನದಾಗಿ ಮಾಡಿಕೊಂಡೆ.

ನಾಲ್ಕು ವಾರಕ್ಕೆ ಲಾನು ಎರಡು ಭಾಗವಾಯಿತು. ತೂತು ಹೊಡೆದ ಅರ್ಧ ಹಸಿರು, ಹೊಡೆಯದ ಅರ್ಧ ಹಳದಿ. ನಡುವಿನ ಗೆರೆ ದಾರ ಹಿಡಿದು ಎಳೆದಷ್ಟು ನೇರವಾಗಿತ್ತು. ಯಾವ ಪ್ರಯೋಗಾಲಯವೂ ಇದಕ್ಕಿಂತ ಸ್ಪಷ್ಟವಾದ ಪುರಾವೆ ಕೊಡಲಾರದು. ಸಾಹುಕಾರರಿಗೆ ಆನಂದವೋ ಆನಂದ. “ನಿಮ್ಮ ಕೈಗುಣ ದೊಡ್ಡದರಿ ಸಾಹೇಬ್ರ! ಉಳಿದ ಅರ್ಧಕ್ಕೂ ಹಂಗೇ ಮಾಡಸ್ರಿ” ಎಂದರು. ಮಾಡಿಸಿದೆ. ಮನೆಯಂಗಳದ ಹುಲ್ಲುಹಾಸಿಗೆ ಗಾಳಿ ಕೊಡುವ ವಿಧಾನ ಎಂದು ಒಂದು ಪುಟದ ಟಿಪ್ಪಣಿ ಬರೆದು ತಿಂಗಳ ಸಭೆಯಲ್ಲಿ ಓದಿದೆ. ಮೇಲಧಿಕಾರಿ ಬೆನ್ನು ತಟ್ಟಿದರು. ಗೂಟದ ತೂತಿನ ವಿಷಯವೂ ಆ ಟಿಪ್ಪಣಿಯಲ್ಲಿತ್ತು. ಅದನ್ನು ಗಮನಿಸಿದವನು ಯಾರು ಎಂಬುದು ಇರಲಿಲ್ಲ.

ನವೆಂಬರಿನಲ್ಲಿ ನಿಶ್ಚಿತಾರ್ಥವಾಯಿತು. ಬೀಗರ ಎದುರು ನನ್ನನ್ನು ಮುಂದೆ ಕರೆದು ಶಾಲು ಹೊದಿಸಿದರು. ಊಟವಾದ ಮೇಲೆ ಕೈತೊಳೆಯಲು ಬಂಗಲೆಯ ಹಿಂದಕ್ಕೆ ಹೋದಾಗ ಖೋಲಿಯ ಬಾಗಿಲು ತೆರೆದಿತ್ತು. ಒಳಗೆ ಹೊಸ ಮಾಲಿಯ ಹಾಸಿಗೆ, ಹಗ್ಗದ ಮೇಲೆ ಅವನ ಅಂಗಿ. ಎದುರಿನ ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ದುಂಡಗೆ ಬರೆದ ಅಕ್ಷರಗಳು ಇನ್ನೂ ಇದ್ದವು. ಬೆಳಿಗ್ಗೆ ಐದರಿಂದ ಆರು ಗಣಿತ, ಆರರಿಂದ ಏಳು ವಿಜ್ಞಾನ, ರವಿವಾರ ಇಂಗ್ಲಿಷ್. ಶಾಲು ಹೆಗಲ ಮೇಲಿತ್ತು. ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡೆ.

ಮರು ರವಿವಾರ ಬಸ್ಸು ಹಿಡಿದು ತುಕಾರಾಮನ ಹಳ್ಳಿಗೆ ಹೋದೆ. ಮನೆಯ ಮುಂದೆ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ಕಬ್ಬು ಕಡಿಯುವ ತಂಡದ ಜೊತೆ ಮಹಾರಾಷ್ಟ್ರಕ್ಕೆ ಹೊರಟಿದ್ದರು. ತಂಡ ಹೋದರೆ ಬೇಸಿಗೆಗೇ ತಿರುಗಿ ಬರುವುದು. ಗಂಡ ಹೆಂಡತಿ ಇಬ್ಬರೂ ಹೋದ ಮೇಲೆ ಮಗಳನ್ನು ಒಬ್ಬಳನ್ನೇ ಬಿಡುವಂತಿರಲಿಲ್ಲ. ಸುಜಾತಾ ಹಾಸಿಗೆ ಸುತ್ತುತ್ತಿದ್ದಳು. ನನ್ನನ್ನು ನೋಡಿ ಒಂದು ತಂಬಿಗೆ ನೀರು ತಂದಿಟ್ಟು ಒಳಗೆ ಹೋದಳು.

“ತುಕಾರಾಮ, ನೀ ಮಾಡಿದ್ದು ಖರೇ ಇತ್ತಪಾ. ಅದನ್ನ ಹೇಳಾಕ ಬಂದೀನಿ” ಎಂದೆ. ಬಸ್ಸಿನಲ್ಲಿ ಆ ಮಾತನ್ನು ನೂರು ಸಲ ಆಡಿಕೊಂಡು ಬಂದಿದ್ದೆ.

ಅವನು ಚೀಲದ ಬಾಯಿ ಬಿಗಿದು ಕಟ್ಟುತ್ತ ಹೇಳಿದ: “ಅದು ನನಗ ಅವತ್ತೇ ಗೊತ್ತಿತ್ರಿ. ನಿಮಗೂ ಗೊತ್ತಿತ್ತು. ಗೊತ್ತಿರಲಾರದೋರು ಸಾವ್ಕಾರ್ರೊಬ್ರೇ. ಅವ್ರಿಗೆ ಹೇಳೂದು ಬಿಟ್ಟು ನನಗ್ಯಾಕ ಹೇಳಾಕತ್ತೀರಿ?”

ಟ್ರಕ್ಕು ಮಂಗಳವಾರ ಬರುವುದಿತ್ತು. ಇನ್ನೂ ಎರಡು ದಿನ ಇದ್ದವು. ಆ ದಿನ ಮೊದಲ ಸಲ ನಾನು ತಡಮಾಡಲಿಲ್ಲ. ಹಳ್ಳಿಯಿಂದ ಹೊರಟಿದ್ದ ಒಂದು ಜೀಪಿನಲ್ಲಿ ಜೋತು ಬಿದ್ದು, ನಾಲ್ಕು ಗಂಟೆಗೆ ಸಾಹುಕಾರರ ಕಟ್ಟೆಯ ಮೇಲೆ ಕೂತಿದ್ದೆ. ಎಲ್ಲವನ್ನೂ ಹೇಳಿದೆ. ಚೀಟಿ ತಪ್ಪಾಗಿತ್ತು, ತಪ್ಪು ನನ್ನದು, ತೂತಿನ ಉಪಾಯ ತುಕಾರಾಮನದು, ಅವನು ನನ್ನನ್ನು ಮೊದಲೇ ಕೇಳಿದ್ದ. ಮೇಲಧಿಕಾರಿಗೆ ನೀವೇ ಹೇಳಿರಿ, ನನ್ನ ತಕರಾರಿಲ್ಲ, ಅವನನ್ನು ಮಾತ್ರ ತಿರುಗಿ ಕರೆಯಿರಿ, ಹುಡುಗಿಯ ಪರೀಕ್ಷೆ ಇದೆ ಎಂದೆ.

ಸಾಹುಕಾರರು ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿರುತ್ತಿತ್ತು. ಲಾನಿನ ಕಡೆ ನೋಡುತ್ತ ಹೇಳಿದರು:

“ಅದು ನನಗೂ ತಿಳೀತ್ರಿ. ಅರ್ಧ ಹುಲ್ಲು ಹಸರ ಆದ ದಿನಾನೇ ತಿಳೀತು. ನಾ ಏನು ಕುರುಡ ಇದ್ದೇನೇನು? ಆದ್ರ ಒಮ್ಮಿ ಹೊರಗ ಹಾಕಿದಾಂವನ್ನ ತಿರುಗಿ ಕರದ್ರ ಮಂದಿ ಏನಂತಾರ? ಸಾವ್ಕಾರ ಮಾಲಿಗಿ ಸೋತ ಅಂತಾರ. ಖೋಲಿನೂ ಈಗ ಬ್ಯಾರೇದವಗ ಕೊಟ್ಟದ್ದಾತು. ಹೋಗ್ಲಿ ಬಿಡ್ರಿ. ಹುಲ್ಲು ಬಂತಲ್ಲ.”

ಎಷ್ಟು ಹೇಳಿದರೂ ಕೇಳಲಿಲ್ಲ. ಮಗಳೊಬ್ಬಳಿಗಾದರೂ ಮಾರ್ಚಿನವರೆಗೆ ಒಂದು ಮೂಲೆ ಕೊಡಿರಿ ಎಂದೆ. ಪರರ ಹೆಣ್ಣುಮಗುವಿನ ಜವಾಬ್ದಾರಿ ಯಾರು ಹೊರಬೇಕು ಎಂದರು. ಹುಮನಾಬಾದಿನ ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಇತ್ತು. ಆ ಮಾತು ನನ್ನ ನಾಲಗೆಯ ತುದಿಗೆ ಬಂದದ್ದು ನಿಜ. ಓಣಿಯವರು, ನೆಂಟರು, ಮನೆಯಲ್ಲಿ ಅಮ್ಮ ಏನೆಂದಾರು ಎಂದು ಅಲ್ಲೇ ನಿಂತಿತು. ಸಾಹುಕಾರರನ್ನು ಹಳಿಯುವ ಹಕ್ಕನ್ನು ನಾನು ಆ ಸಂಜೆ ಕಳೆದುಕೊಂಡೆ. ಮಂದಿಯ ಹೆದರಿಕೆ ಅವರಿಗೆಷ್ಟಿತ್ತೋ ನನಗೂ ಅಷ್ಟೇ ಇತ್ತು.

ಮಂಗಳವಾರ ಟ್ರಕ್ಕು ಹೋಯಿತು. 2000ದ ಮಾರ್ಚಿನಲ್ಲಿ ಸುಜಾತಾ ಪರೀಕ್ಷೆಗೆ ಕೂರಲಿಲ್ಲ. ಬೇಸಿಗೆಯಲ್ಲಿ ವಿಚಾರಿಸಿದಾಗ ಅವಳಿಗೆ ಅಲ್ಲೇ, ಕಬ್ಬು ಕಡಿಯುವ ಮನೆಯೊಂದಕ್ಕೆ ಮದುವೆ ಮಾಡಿಕೊಟ್ಟರೆಂದು ತಿಳಿಯಿತು. ತುಕಾರಾಮನನ್ನು ಮತ್ತೆ ನೋಡುವ ಮುಖ ನನಗಿರಲಿಲ್ಲ.

ಆ ಮೇಲೆ ಇಪ್ಪತ್ತು ವರ್ಷ ನೌಕರಿ ಮಾಡಿದೆ. ಬಹಳ ತೋಟ, ಬಹಳ ಹುಲ್ಲುಹಾಸು ನೋಡಿದೆ. ಗೊತ್ತಿಲ್ಲದೆ ಕೆಟ್ಟವು ಕೆಲವು ಇದ್ದವು. ಅವನ್ನು ತಿಳಿಸಿ ಹೇಳಿ ಸರಿಮಾಡಬಹುದಿತ್ತು. ಸಾಹುಕಾರರ ಅಂಗಳದಲ್ಲಿ ಮಾತ್ರ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಕೂಲಿಯವನಿಗೆ ಗೊತ್ತಿತ್ತು, ಅಧಿಕಾರಿಗೆ ಗೊತ್ತಿತ್ತು, ಕೊನೆಗೆ ಮಾಲಕನಿಗೂ ಗೊತ್ತಾಯಿತು. ಮೂವರಲ್ಲಿ ಗೊತ್ತಿದ್ದಂತೆ ನಡೆದವನು ಒಬ್ಬನೇ, ಮನೆ ಕಳೆದುಕೊಂಡವನೂ ಅವನೇ. ಕೆಲಸಗಾರನ ಎದುರಿಗೆ, ಇವನು ಮಾಡಿದ್ದು ಸರಿಯೋ ತಪ್ಪೋ ಎಂದು ಯಾರಾದರೂ ಕೇಳಿದರೆ ಅವನ ಎದುರಿಗೇ, ಅದೇ ಉಸಿರಿನಲ್ಲಿ ಉತ್ತರ ಹೇಳಬೇಕೆಂದು ನನ್ನ ವೃತ್ತಿ ನನಗೆ ಕಲಿಸಿತು. ಮುಂದೆ ನಾನು ಹಾಗೆಯೇ ನಡೆದುಕೊಂಡೆ, ಒಮ್ಮೆಯೂ ತಪ್ಪಲಿಲ್ಲ. ಕಲಿತದ್ದು ನಾನು, ಶಾಲೆ ಬಿಟ್ಟದ್ದು ಸುಜಾತಾ.